ಕಾಲ್ಚೆಂಡಿನ ಗುರು ರಹೀಮ್ ಸಾಹೇಬರು

ಈ ವರ್ಷ ನಮ್ಮ ಕಾಲೇಜಿನ ಕಾಲ್ಚೆಂಡಿನ ತಂಡವು ಅಂತರ ಕಾಲೇಜು ಪಂದ್ಯಗಳಲ್ಲಿ ಗೆದ್ದು ಪಾರಿತೋಷಕ ತಂದ ಸಂಗತಿ ವಾಚಕರಿಗೆಲ್ಲ ತಿಳಿದದ್ದೇ. ಆ ದಿನ ತೆಗೆದ ಭಾವಚಿತ್ರದಲ್ಲಿ ಹಿಂದಿನ ಸಾಲಿನ ತುದಿಗೆ ನಿಂತವನು ನಾನು. ನಿಪ್ಪಾಣಿಯವರೊಡನೆ, ಅಥಣಿಯವರೊಡನೆ, ಕೊನೆಗೆ ರಾಯಬಾಗದವರೊಡನೆ ನಡೆದ ಆಟಗಳಲ್ಲಿ ಒಂದರಲ್ಲಿಯೂ ನಾನು ಅಂಗಣಕ್ಕಿಳಿಯಲಿಲ್ಲ. ಮೀಸಲು ಆಟಗಾರನಾಗಿ, ನೀರಿನ ಕೊಡವನ್ನೂ ಹೆಚ್ಚಿದ ನಿಂಬೆಹಣ್ಣನ್ನೂ ಕಾಯುತ್ತ ಗೆರೆಯ ಆಚೆಗೆ ಕುಳಿತಿದ್ದೆ.

ನಿಜ ಹೇಳಬೇಕೆಂದರೆ ಮೊದಮೊದಲು ನನಗೆ ಬಹಳ ಸಿಟ್ಟು ಬಂದಿತ್ತು. ಎಡಗಾಲಿನಿಂದ ಚೆಂಡು ಒದೆಯಲಾರದವನು ಅರ್ಧ ಆಟಗಾರನೇ ಸರಿ ಎಂಬುದು ನಮ್ಮ ವ್ಯಾಯಾಮ ಶಿಕ್ಷಕರ ಅಭಿಪ್ರಾಯ. ಊರಿನ ಹಿರಿಯರೊಬ್ಬರಿಂದ ಅವರಿಗೆ ಒಂದು ಮಾತು ಹೇಳಿಸಿದರೆ ಹೇಗೆ ಎಂಬ ಯೋಚನೆಯೂ ನನ್ನ ತಲೆಯಲ್ಲಿ ಸುಳಿಯದೆ ಇರಲಿಲ್ಲ. ಅದು ಅವರಿಗೆ ಹೇಗೆ ಗೊತ್ತಾಯಿತೋ ಕಾಣೆ. ಒಂದು ಸಂಜೆ ಕರೆದು, ಸೈಯದ್ ಅಬ್ದುಲ್ ರಹೀಮ್ ಎಂಬವರ ಜೀವನವನ್ನು ಓದಿ ತಿಳಿದುಕೊಂಡು ಬರುವಂತೆ ಹೇಳಿದರು. ಹಾಗೆ ತಿಳಿದುಕೊಂಡದ್ದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಕುಸ್ತಿ, ಕಬಡ್ಡಿಗಳಿಗೆ ಮನಸೋತ ನಮ್ಮ ಈ ಸೀಮೆಯಲ್ಲಿ ಅವರ ಹೆಸರನ್ನು ಕೇಳಿದವರು ಕಡಿಮೆ.

ರಹೀಮರು 1909ನೆಯ ಇಸವಿ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಆಗ ಅದು ನಿಜಾಮರ ರಾಜಧಾನಿ. ನಮ್ಮ ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳೂ 1956ರವರೆಗೆ ಹೈದರಾಬಾದು ಸಂಸ್ಥಾನಕ್ಕೇ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರು ಅಲ್ಲಿಯ ಕಾಲ್ಚೆಂಡಿನ ತಂಡದಲ್ಲಿ ಆಡುತ್ತಿದ್ದರು. ನಮ್ಮಂತೆಯೇ ಅವರ ಆಟವೂ ವಿದ್ಯಾರ್ಥಿದೆಸೆಯಲ್ಲಿ ಬೆಳೆಯಿತೆಂಬುದು ನನಗೆ ಹಿಡಿಸಿದ ಮಾತು. ಪದವಿ ಪಡೆದ ಬಳಿಕ ಅವರು ನಗರದ ಹಲವು ಶಾಲೆಗಳಲ್ಲಿ ಮಾಸ್ತರರಾಗಿ ದುಡಿದರು. ವ್ಯಾಯಾಮ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು, ಮಕ್ಕಳಿಗೆ ಆಟ ಕಲಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡರು.

1940ರ ದಶಕದಲ್ಲಿ ಹೈದರಾಬಾದಿನ ಕಾಲ್ಚೆಂಡು ಸಂಘದ ಕಾರ್ಯದರ್ಶಿತ್ವ ಅವರ ಪಾಲಿಗೆ ಬಂದಿತು. ಅವರು ಏರ್ಪಡಿಸಿದ ಪಂದ್ಯಗಳು ವಿಚಿತ್ರವಾದವು. ಒಂದರಲ್ಲಿ ಆಟಗಾರನು ತನ್ನ ದುರ್ಬಲವಾದ ಕಾಲಿನಿಂದಲೇ ಚೆಂಡನ್ನು ಒದೆಯಬೇಕು. ಇನ್ನೊಂದರಲ್ಲಿ ಚೆಂಡನ್ನು ಕಾಲಿನಲ್ಲಿ ಹೊರಳಿಸುತ್ತ ಒಬ್ಬನೇ ಓಡುವಂತಿಲ್ಲ, ಜೊತೆಗಾರನಿಗೆ ದಾಟಿಸಲೇಬೇಕು. ಮೈತೂಕ ಕಡಿಮೆಯಿದ್ದ ಹುಡುಗರಿಗೆಂದೇ ಬೇರೊಂದು ಪಂದ್ಯ. ನೋಡುವವರಿಗೆ ಇದು ನಗೆಯಾಟವಾಗಿ ಕಂಡಿರಬಹುದು. ಆದರೆ ಬಲವಿದ್ದುದನ್ನು ಮೆರೆಸುವುದಕ್ಕಿಂತ ಬಲವಿಲ್ಲದ್ದನ್ನು ತಿದ್ದುವುದೇ ಶಿಕ್ಷಣ ಎಂಬ ತತ್ವ ಈ ಪಂದ್ಯಗಳಲ್ಲಿ ಅಡಗಿತ್ತು. ಇದನ್ನು ಓದಿದಾಗ ನನ್ನ ಎಡಗಾಲು ನೆನಪಾಗಿ ನಾಚಿಕೆಯಾಯಿತು.

1950ರಲ್ಲಿ ಅವರು ಹೈದರಾಬಾದು ನಗರ ಪೊಲೀಸರ ತಂಡಕ್ಕೆ ಶಿಕ್ಷಕರಾದರು. ಆ ವರ್ಷದಿಂದ 1954ರವರೆಗೆ ಸತತವಾಗಿ 5 ಸಲ ಆ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಭಾರತ ತಂಡದ ಹೊಣೆಯೂ ಅವರ ಹೆಗಲಿಗೇರಿತು. 1951ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಶಿಯಾ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಭಾರತವು ಬಂಗಾರದ ಪದಕ ಪಡೆಯಿತು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅಹಮದ್ ಖಾನರೂ ಇದ್ದರು.

ಆದರೆ ಮರುವರ್ಷವೇ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯಾದ ಎದುರು 1-10ರ ಘೋರ ಪರಾಭವ ಕಾದಿತ್ತು. ನಮ್ಮವರಲ್ಲಿ ಹಲವರು ಆ ಚಳಿಯ ನಾಡಿನಲ್ಲಿ ಬರಿಗಾಲಿನಿಂದ ಆಡಿದ್ದರು. ಭಾರತದ ಪಾಲಿನ ಆ ಒಂದೇ ಗೋಲನ್ನು ಹೊಡೆದವರು ಅಹಮದ್ ಖಾನರು. ಆ ಸೋಲಿನ ಬಳಿಕ ನಮ್ಮ ದೇಶದಲ್ಲಿ ಬೂಟು ಕಡ್ಡಾಯವಾಯಿತು. ರಹೀಮರು ಎದೆಗುಂದಲಿಲ್ಲ. 4 ವರ್ಷಗಳ ನಂತರ, 1956ರಲ್ಲಿ, ಮೆಲ್ಬರ್ನಿನಲ್ಲಿ ಅವರ ಶಿಷ್ಯರು ಆಸ್ಟ್ರೇಲಿಯಾವನ್ನು ಅದರ ನೆಲದಲ್ಲಿಯೇ 4-2ರಿಂದ ಸೋಲಿಸಿ, ಉಪಾಂತ್ಯ ಮುಟ್ಟಿ, 4ನೆಯ ಸ್ಥಾನ ಗಳಿಸಿದರು. ಅಂದು ನೆವಿಲ್ ಡಿಸೋಜಾ ಒಬ್ಬರೇ 3 ಗೋಲು ಹೊಡೆದರು. ಕನ್ನಡನಾಡಿನ ಕೆಂಪಯ್ಯನವರೂ ಆ ತಂಡದವರೇ.

ಇನ್ನು ನನ್ನ ಸಿಟ್ಟನ್ನು ಇಳಿಸಿದ ಸಂಗತಿ. 1960ರ ರೋಮ್ ಒಲಿಂಪಿಕ್ಸಿಗೆ ಹೋದ ತಂಡದಲ್ಲಿ ರಹೀಮರ ಸ್ವಂತ ಮಗ ಹಕೀಮರೂ ಇದ್ದರು. ಹಂಗೇರಿ, ಫ್ರಾನ್ಸ್, ಪೆರು ಈ ಮೂರು ದೇಶಗಳೊಡನೆ ಭಾರತ ಆಡಿತು. ಆ ಮೂರರಲ್ಲಿ ಒಂದು ಆಟದಲ್ಲಿಯೂ ಹಕೀಮರಿಗೆ ಅಂಗಣಕ್ಕಿಳಿಯುವ ಅವಕಾಶ ದೊರೆಯಲಿಲ್ಲ. ತಂದೆಯೇ ಗುರುವಾಗಿದ್ದರೂ ಮಗನು ಗೆರೆಯ ಆಚೆಗೇ ಉಳಿದನು. ಅಂಥಲ್ಲಿ ಹಿರಿಯರ ಮಾತಿನ ಬಲದಿಂದ ತಂಡ ಸೇರಲು ಬಯಸಿದ ನಾನು ಎಷ್ಟರವನು!

1962ರಲ್ಲಿ ಜಕಾರ್ತಾದ ಏಶಿಯಾ ಕ್ರೀಡಾಕೂಟಕ್ಕೆ ಹೊರಟಾಗ ರಹೀಮರ ದೇಹವನ್ನು ಶ್ವಾಸಕೋಶದ ಕ್ಯಾನ್ಸರ್ ತಿನ್ನುತ್ತಿತ್ತು. ಮೊದಲ ಆಟದಲ್ಲಿಯೇ ದಕ್ಷಿಣ ಕೊರಿಯಾದವರು ನಮ್ಮನ್ನು 2-0ರಿಂದ ಸೋಲಿಸಿದರು. ಥಾಯ್ಲೆಂಡಿನೊಡನೆ ಆಡುವಾಗ ರಕ್ಷಣೆಯ ಆಟಗಾರ ಜರ್ನೈಲ್ ಸಿಂಗರ ಹಣೆಯೊಡೆದು 6 ಹೊಲಿಗೆ ಬಿದ್ದವು. ಚೆಂಡನ್ನು ತಲೆಯಿಂದ ತಡೆಯಬೇಕಾದ ಸ್ಥಾನದಲ್ಲಿ ಅವರನ್ನು ನಿಲ್ಲಿಸುವಂತಿರಲಿಲ್ಲ. ರಹೀಮರು ಅವರನ್ನು ಕೈಬಿಡಲಿಲ್ಲ, ಮುಂದಿನ ಸಾಲಿಗೆ ತಂದರು. ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಮಿನ ಮೇಲೆ 3-2ರಿಂದ ಗೆದ್ದಾಗ ಒಂದು ಗೋಲು ಜರ್ನೈಲರದೇ.

ಸಪ್ಟೆಂಬರ್ 4ರಂದು ಅಂತಿಮ ಪಂದ್ಯ, ಎದುರಿಗೆ ಅದೇ ಕೊರಿಯಾ. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತೀಯ ಅಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ ಅಲ್ಲಿಯ ಜನ ನಮ್ಮ ಮೇಲೆ ಕೆರಳಿದ್ದರು. ಕಿಕ್ಕಿರಿದ ಪ್ರೇಕ್ಷಕರ ಧಿಕ್ಕಾರದ ಗದ್ದಲದಲ್ಲಿ ನಮ್ಮವರು ಆಡಬೇಕಾಯಿತು. ಹಿಂದಿನ ರಾತ್ರಿ ರಹೀಮರು ಶಿಷ್ಯರನ್ನು ಕೂಡಿಸಿಕೊಂಡು, ತಮಗೆ ಒಂದು ಕಾಣಿಕೆ ಬೇಕಾಗಿದೆ, ಅದು ಬಂಗಾರದ ಪದಕ ಎಂದು ಕೇಳಿಕೊಂಡರೆಂದು ಅವರ ಆಟಗಾರರು ಮುಂದೆ ನೆನೆಸಿಕೊಂಡಿದ್ದಾರೆ. ಪಿ. ಕೆ. ಬ್ಯಾನರ್ಜಿ ಒಂದು, ಹಣೆಗೆ ಪಟ್ಟಿ ಕಟ್ಟಿದ ಜರ್ನೈಲ್ ಸಿಂಗ್ ಇನ್ನೊಂದು ಗೋಲು ಹೊಡೆದರು. ಚುನಿ ಗೋಸ್ವಾಮಿಯವರ ನಾಯಕತ್ವದ ತಂಡ 2-1ರಿಂದ ಗೆದ್ದು ಗುರುವಿಗೆ ಆ ಕಾಣಿಕೆಯನ್ನು ಸಲ್ಲಿಸಿತು.

ಮರುವರ್ಷ, 1963ರ ಜೂನ್ 11ರಂದು, 53ರ ವಯಸ್ಸಿನಲ್ಲಿ ರಹೀಮರು ತೀರಿಕೊಂಡರು. ಅವರ ನಂತರ ಏಶಿಯಾ ಕ್ರೀಡಾಕೂಟದ ಕಾಲ್ಚೆಂಡಿನಲ್ಲಿ ಭಾರತಕ್ಕೆ ಬಂಗಾರ ಮತ್ತೆ ದಕ್ಕಿಲ್ಲ.

ಇದನ್ನೆಲ್ಲ ಓದಿ ಮುಗಿಸಿ ನಮ್ಮ ಶಿಕ್ಷಕರ ಬಳಿಗೆ ಹೋದೆ. ಅವರು ಏನನ್ನೂ ಕೇಳಲಿಲ್ಲ, ಚೆಂಡನ್ನು ನನ್ನ ಎಡಗಾಲಿನ ಕಡೆಗೆ ಉರುಳಿಸಿದರು. ಅಂದಿನಿಂದ ದಿನಾಲು ಸಂಜೆ ಜಿಮಖಾನಾದ ಹಿಂದಿನ ಗೋಡೆಗೆ ಎಡಗಾಲಿನಿಂದ ಚೆಂಡು ಒದೆಯುತ್ತಿದ್ದೇನೆ. ಅರ್ಧದಷ್ಟು ಹೊಡೆತಗಳು ಇನ್ನೂ ಗೋಡೆಯನ್ನು ದಾಟಿ ಕಬ್ಬಿನ ಹೊಲಕ್ಕೆ ಬೀಳುತ್ತವೆ. ಆದರೂ ನನ್ನ ಎಡಗಾಲಿನ ಬೂಟು ಈಗ ಬಲಗಾಲಿನದಕ್ಕಿಂತ ಬೇಗ ಸವೆಯತೊಡಗಿದೆ. ಮುಂದಿನ ವರ್ಷ ತಂಡದಲ್ಲಿ ನನಗೆ ಸ್ಥಾನ ಸಿಕ್ಕರೆ ಅದು ರಹೀಮ್ ಸಾಹೇಬರ ಪಾಠದ ಫಲ. ಸಿಗದಿದ್ದರೆ ನೀರಿನ ಕೊಡವನ್ನು ಈ ಸಲಕ್ಕಿಂತ ಹೆಚ್ಚು ಸಂತೋಷದಿಂದ ಹೊತ್ತೇನು.