ಚಾರ್ಲ್ಸ್ ಡಿ ಗಾಲ್ ಮನೆಯ ಕಿರಿಯ ಮಗಳು: ಡೌನ್ ಸಿಂಡ್ರೋಮ್, ದೇವರ ನಂಬಿಕೆ ಮತ್ತು ದಿನನಿತ್ಯದ ಬದುಕು

ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದ ಮನೆಗೆ ಎರಡು ಬಗೆಯ ಸಂದೇಶಗಳು ಬರುತ್ತವೆ. ಒಂದು ಕಾರಣ ಹೇಳುವಂಥದ್ದು: ಗ್ರಹಣದ ಹೊತ್ತಿನಲ್ಲಿ ತಾಯಿ ಹೊರಗೆ ಬಂದಿದ್ದಳು, ಬಸುರಿಯಾಗಿದ್ದಾಗ ತಿನ್ನಬಾರದ್ದನ್ನು ತಿಂದಳು, ಹಿಂದಿನ ಜನ್ಮದ ಕರ್ಮ. ಇನ್ನೊಂದು ಗುಣಪಡಿಸುತ್ತೇವೆ ಎನ್ನುವಂಥದ್ದು: ಈ ಹರಕೆ, ಆ ಪುಡಿ, ಇನ್ಯಾವುದೋ ಎಣ್ಣೆ. ಎರಡೂ ನಿಜವಲ್ಲ. ಯಾಕೆ ನಿಜವಲ್ಲ ಎಂದು ಹೇಳಲು ನಾವು ಈ ಸಲ ಒಂದು ಕುಟುಂಬದ ಕಥೆಯನ್ನು ಆರಿಸಿಕೊಂಡಿದ್ದೇವೆ. ಆ ಮನೆಯ ತಂದೆಯ ಹೆಸರನ್ನು ನೀವು ಇತಿಹಾಸದ ಪಾಠದಲ್ಲಿ ಓದಿರುತ್ತೀರಿ. ಅವರು ಎರಡನೇ ಮಹಾಯುದ್ಧದಲ್ಲಿ ಹಿಟ್ಲರ್‌ಗೆ ತಲೆಬಾಗದ ಫ್ರಾನ್ಸ್‌ನ ನಾಯಕ, ಆಮೇಲೆ ಆ ದೇಶದ ರಾಷ್ಟ್ರಪತಿಯಾದ ಚಾರ್ಲ್ಸ್ ಡಿ ಗಾಲ್.

ಹೊಸ ವರ್ಷದ ದಿನ ಹುಟ್ಟಿದ ಮಗು

ಡಿ ಗಾಲ್ ಹುಟ್ಟಿದ್ದು 1890ರಲ್ಲಿ, ಫ್ರಾನ್ಸ್‌ನ ಲೀಲ್ ನಗರದ ಒಂದು ಕ್ಯಾಥೊಲಿಕ್ ಕುಟುಂಬದಲ್ಲಿ. ಸೈನ್ಯ ಸೇರಿದರು, ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಜರ್ಮನ್ನರ ಸೆರೆಯಾದರು. 1921ರಲ್ಲಿ ಇವೊನ್ ವಾಂದ್ರೂ ಅವರನ್ನು ಮದುವೆಯಾದರು. ಮೊದಲು ಮಗ ಫಿಲಿಪ್, ಆಮೇಲೆ ಮಗಳು ಎಲಿಜಬೆತ್. ಮೂರನೆಯವಳು ಆನ್. ಅವಳು ಹುಟ್ಟಿದ್ದು 1928ರ ಜನವರಿ 1ರಂದು, ಜರ್ಮನಿಯ ಟ್ರಿಯರ್ ಪಟ್ಟಣದಲ್ಲಿ. ಆಗ ಡಿ ಗಾಲ್ ಅಲ್ಲಿದ್ದ ಫ್ರೆಂಚ್ ಪಡೆಯ ಒಂದು ಬೆಟಾಲಿಯನ್ನಿನ ಮುಖ್ಯಸ್ಥರಾಗಿದ್ದರು. ಆನ್‌ಗೆ ಡೌನ್ ಸಿಂಡ್ರೋಮ್ ಇತ್ತು.

ಈ ಸ್ಥಿತಿಯ ಲಕ್ಷಣಗಳನ್ನು 1866ರಲ್ಲೇ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ವಿವರಿಸಿದ್ದರು. ಆದರೆ 1928ರಲ್ಲಿ ಇದರ ಕಾರಣ ಯಾರಿಗೂ ಗೊತ್ತಿರಲಿಲ್ಲ. ಕುಡಿತ, ಕ್ಷಯ, ಲೈಂಗಿಕ ರೋಗ ಹೀಗೆ ವೈದ್ಯರೇ ಏನೇನೋ ಊಹಿಸುತ್ತಿದ್ದರು. ಊಹೆ ಯಾವುದೇ ಇರಲಿ, ಬೆರಳು ತಿರುಗುತ್ತಿದ್ದದ್ದು ಹೆತ್ತವರ ಕಡೆಗೆ, ಅದರಲ್ಲೂ ತಾಯಿಯ ಕಡೆಗೆ. ಇಂಥ ಮಕ್ಕಳನ್ನು ದೂರದ ಆಶ್ರಯಧಾಮಕ್ಕೆ ಸೇರಿಸಿ, ಮನೆಯಲ್ಲಿ ಹೆಸರೆತ್ತದೆ ಇರುವುದು ಆಗಿನ ಯೂರೋಪಿನ ಸ್ಥಿತಿವಂತ ಮನೆಗಳಲ್ಲಿ ಸಾಮಾನ್ಯವಾಗಿತ್ತು. ಇವೊನ್ ಮತ್ತು ಚಾರ್ಲ್ಸ್ ಹಾಗೆ ಮಾಡಲಿಲ್ಲ. ಆನ್ ಮನೆಯಲ್ಲೇ ಬೆಳೆದಳು.

ಹಾಗಾದರೆ ಯಾರ ತಪ್ಪು?

ಯಾರದ್ದೂ ಅಲ್ಲ. ನಮ್ಮ ಜೀವಕೋಶಗಳಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳು, ಅಂದರೆ ಕ್ರೋಮೋಸೋಮ್‌ಗಳು, ಇರುತ್ತವೆ. ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಕೆಲವೊಮ್ಮೆ 21ನೇ ಜೋಡಿ ಸರಿಯಾಗಿ ಬೇರೆಯಾಗುವುದಿಲ್ಲ. ಆಗ ಮಗುವಿಗೆ 21ನೇ ವರ್ಣತಂತು ಎರಡರ ಬದಲು ಮೂರು ಬರುತ್ತವೆ, ಒಟ್ಟು 47 ಆಗುತ್ತವೆ. ಡೌನ್ ಸಿಂಡ್ರೋಮ್ ಇರುವ ಸುಮಾರು 95 ಶೇಕಡಾ ಜನರಲ್ಲಿ ಆಗಿರುವುದು ಇದೇ. ಇದು ಗ್ರಹಣದಿಂದಲೂ ಆಗುವುದಿಲ್ಲ, ಊಟದಿಂದಲೂ ಆಗುವುದಿಲ್ಲ, ತಾಯಿ ಗಾಬರಿಯಾದದ್ದರಿಂದಲೂ ಆಗುವುದಿಲ್ಲ. ತಾಯಿಯ ವಯಸ್ಸು ಹೆಚ್ಚಿದಂತೆ ಸಾಧ್ಯತೆ ಹೆಚ್ಚುತ್ತದೆ ಎಂಬುದು ನಿಜ. ಆದರೆ ಚಿಕ್ಕ ವಯಸ್ಸಿನ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ಆನ್ ಹುಟ್ಟಿದಾಗ ಇವೊನ್‌ಗೆ ಕೇವಲ 27 ವರ್ಷ.

ಈ ಹೆಚ್ಚುವರಿ ವರ್ಣತಂತುವನ್ನು ಕಂಡುಹಿಡಿದದ್ದು ಪ್ಯಾರಿಸ್‌ನ ಮೂವರು ಸಂಶೋಧಕರು: ಮಾರ್ತ್ ಗೋತಿಯೆ, ಜೆರೋಮ್ ಲೆಜೂನ್ ಮತ್ತು ರೇಮೋ ತ್ಯುರ್ಪ್ಯಾ. ಅವರ ವರದಿ ಹೊರಬಂದದ್ದು 1959ರ ಜನವರಿಯಲ್ಲಿ. ಡಿ ಗಾಲ್ ರಾಷ್ಟ್ರಪತಿ ಹುದ್ದೆಗೆ ಬಂದದ್ದೂ ಅದೇ ತಿಂಗಳು. ಆ ಹೊತ್ತಿಗೆ ಆನ್ ತೀರಿಕೊಂಡು ಸುಮಾರು 11 ವರ್ಷ ಕಳೆದಿತ್ತು. ಅಂದರೆ ಅವಳನ್ನು ಸಾಕಿದ ಅಷ್ಟೂ ವರ್ಷ ಹೆತ್ತವರಿಗೆ ಯಾಕೆ ಹೀಗಾಯಿತು ಎಂಬ ಪ್ರಶ್ನೆಗೆ ಉತ್ತರ ಕೊಡುವವರೇ ಇರಲಿಲ್ಲ.

ನಂಬಿಕೆ ಏನು ಮಾಡಿತು, ಏನು ಮಾಡಲಿಲ್ಲ

ಗಂಡ ಹೆಂಡತಿ ಇಬ್ಬರೂ ದೈವಭಕ್ತರು, ತಪ್ಪದೆ ಚರ್ಚಿಗೆ ಹೋಗುವವರು. ಮಗಳು ತಮಗೆ ಬಂದ ಪರೀಕ್ಷೆಯೂ ಹೌದು, ದೇವರ ಕೃಪೆಯೂ ಹೌದು ಎಂಬುದು ಡಿ ಗಾಲ್ ಅವರ ಭಾವನೆಯಾಗಿತ್ತು. ತಾನು ಸೋಲು, ಗೆಲುವು ಎರಡನ್ನೂ ದಾಟಿ ನೋಡುವುದನ್ನು ಕಲಿತದ್ದು ಅವಳಿಂದ ಎಂದು ಅವರು ನಂಬಿದ್ದರು.

ಈ ನಂಬಿಕೆ ಆನ್‌ಳನ್ನು ಗುಣಪಡಿಸಲಿಲ್ಲ. ಅವಳಿಗೆ ಸರಿಯಾಗಿ ಮಾತು ಬರಲಿಲ್ಲ, ಕೊನೆಯವರೆಗೂ ಇನ್ನೊಬ್ಬರ ಆರೈಕೆ ಬೇಕಿತ್ತು. ನಂಬಿಕೆ ಅವರಿಗೆ ಒದಗಿದ್ದು ಬೇರೆ ಕಡೆ. ಬೆಳಿಗ್ಗೆ ಎದ್ದು ಮತ್ತೆ ಅದೇ ಕೆಲಸ ಮಾಡುವುದಕ್ಕೆ, ಬೇಸರ ಬಾರದಂತೆ ಅದೇ ಆಟ ಆಡುವುದಕ್ಕೆ. ಆರಡಿಗೂ ಎತ್ತರದ, ಜನರೆದುರು ನಗುವುದೇ ಅಪರೂಪವಾಗಿದ್ದ ಆ ಸೇನಾಧಿಕಾರಿ ಮಗಳ ಮುಂದೆ ಹಾಡುತ್ತಿದ್ದರು, ಕುಣಿಯುತ್ತಿದ್ದರು. ತಮ್ಮ ಸೈನ್ಯದ ಟೋಪಿಯನ್ನು ಅವಳಿಗೆ ಆಡಲು ಕೊಡುತ್ತಿದ್ದರು, ಕೈ ಹಿಡಿದು ತೋಟದಲ್ಲಿ ನಡೆಸುತ್ತಿದ್ದರು. 1933ರ ಒಂದು ಫೋಟೊ ಇದೆ. ಬ್ರಿಟನಿಯ ಕಡಲತೀರದಲ್ಲಿ ಸೂಟು ಧರಿಸಿ ಕೂತಿರುವ ಡಿ ಗಾಲ್, ಅವರ ತೊಡೆಯ ಮೇಲೆ ಪುಟ್ಟ ಆನ್. 1934ರಲ್ಲಿ ಕೊಲೊಂಬೆ ಎಂಬ ಹಳ್ಳಿಯಲ್ಲಿ ಅವರು ಮನೆ ಕೊಂಡಾಗ, ಮಗಳಿಗೆ ಪ್ರಶಾಂತ ಜಾಗ ಸಿಗಲಿ ಎಂಬುದೂ ಒಂದು ಕಾರಣವಾಗಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ತಂದೆಯ ಕಥೆಗಳೇ ಹೆಚ್ಚು ಪ್ರಸಿದ್ಧ, ಆದರೆ ಅವರು ಕೆಲಸದ ಮೇಲೆ ಹೊರಗಿದ್ದದ್ದೇ ಹೆಚ್ಚು. ದಿನದ ಆರೈಕೆಯ ಭಾರ ಹೊತ್ತವರು ಇವೊನ್ ಮತ್ತು ಮನೆಯಲ್ಲೇ ಇದ್ದ ಒಬ್ಬ ದಾದಿ. ಅಂಥ ನೆರವು ಎಲ್ಲ ಮನೆಗೂ ಇರುವುದಿಲ್ಲ. ಹಾಗಾಗಿ ಧೈರ್ಯವಾಗಿರು ಎಂದು ಹೇಳಿ ಹೋಗುವ ಬಂಧುಗಳು ಒಂದು ಗಂಟೆ ಮಗುವನ್ನು ನೋಡಿಕೊಂಡರೆ ಅದೇ ದೊಡ್ಡ ಸಹಾಯ.

ಯುದ್ಧದ ನಡುವೆ

1940ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ಡಿ ಗಾಲ್ ಲಂಡನ್‌ನಿಂದ ರೇಡಿಯೊದಲ್ಲಿ ಹೋರಾಟಕ್ಕೆ ಕರೆ ಕೊಟ್ಟರು. ಅದೇ ದಿನಗಳಲ್ಲಿ ಇವೊನ್ ಮೂವರು ಮಕ್ಕಳು ಮತ್ತು ದಾದಿಯೊಂದಿಗೆ ಬ್ರೆಸ್ಟ್ ಬಂದರಿನಿಂದ ಹಡಗು ಹತ್ತಿ ಇಂಗ್ಲೆಂಡ್ ಸೇರಿದರು. ಆನ್‌ಗೆ ಆಗ 12 ವರ್ಷ.

ಆ ಸಮಯದಲ್ಲಿ ಆನ್ ಹುಟ್ಟಿದ ದೇಶದಲ್ಲಿ ಏನು ನಡೆಯುತ್ತಿತ್ತು ಗೊತ್ತೇ? ಅಂಗವಿಕಲರು, ಬುದ್ಧಿಮಾಂದ್ಯರು ಸಮಾಜಕ್ಕೆ ಹೊರೆ ಎಂದು ನಾಜಿ ಸರ್ಕಾರ ಅವರನ್ನು ಕೊಲ್ಲಿಸುತ್ತಿತ್ತು. ವೈದ್ಯರೇ ಸಹಿ ಹಾಕುತ್ತಿದ್ದ ಆ ಯೋಜನೆಯಲ್ಲಿ 1941ರ ಆಗಸ್ಟ್ ಹೊತ್ತಿಗೆ ಸುಮಾರು 70,000 ಜನ ಸತ್ತಿದ್ದರು. ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನೂ ಕೊಂದರು. ಯಾರದೋ ಮಗುವನ್ನು ಹೊರೆ ಎಂದು ಕರೆಯುವ ಸಂದೇಶ ನಿಮ್ಮ ಫೋನಿಗೆ ಬಂದಾಗ ಇದು ನೆನಪಿರಲಿ.

ನಮ್ಮ ನಂತರ ಯಾರು?

ಈ ಪ್ರಶ್ನೆ ಇಂಥ ಮಗುವಿರುವ ಪ್ರತಿ ಮನೆಯಲ್ಲೂ ಇದೆ. ಡಿ ಗಾಲ್ ದಂಪತಿಗೂ ಇತ್ತು. ಯುದ್ಧ ಮುಗಿದ 1945ರಲ್ಲಿ ಅವರು ಮಗಳ ಹೆಸರಿನಲ್ಲಿ ಒಂದು ಸಂಸ್ಥೆ ಕಟ್ಟಿದರು. ಪ್ಯಾರಿಸ್ ಹತ್ತಿರ ಹಳೆಯ ಬಂಗಲೆಯೊಂದನ್ನು ಕೊಂಡು, ನೋಡಿಕೊಳ್ಳುವವರಿಲ್ಲದ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗೆ ಆಸರೆ ಕೊಟ್ಟರು. ಮುಂದೆ ಡಿ ಗಾಲ್ ತಮ್ಮ ಯುದ್ಧದ ನೆನಪುಗಳ ಪುಸ್ತಕದ ಗೌರವಧನವನ್ನೂ ಅದಕ್ಕೆ ಕೊಟ್ಟರು. ಆ ಸಂಸ್ಥೆ ಇವತ್ತಿಗೂ ಇದೆ.

ಆದರೆ ಆನ್ ಅಲ್ಲಿಗೆ ಹೋಗಬೇಕಾಗಿ ಬರಲಿಲ್ಲ. 1948ರ ಫೆಬ್ರವರಿ 6ರಂದು ಶ್ವಾಸಕೋಶದ ಸೋಂಕಿನಿಂದ ಕೊಲೊಂಬೆಯಲ್ಲಿ ತೀರಿಕೊಂಡಳು. ಅವಳಿಗೆ 20 ವರ್ಷ. 1952ರಲ್ಲಿ ಬರೆದಿಟ್ಟ ಸೂಚನೆಯಲ್ಲಿ ಡಿ ಗಾಲ್ ತಮಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ಬೇಡ, ಮಗಳಿರುವ ಸಮಾಧಿಯೇ ಸಾಕು ಎಂದು ತಿಳಿಸಿದ್ದರು. 1970ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಜಗತ್ತಿನ ನಾಯಕರು ಪ್ಯಾರಿಸ್‌ನ ದೊಡ್ಡ ಚರ್ಚಿನಲ್ಲಿ ಸೇರಿದ್ದರು. ಅದೇ ದಿನ ಅವರನ್ನು ಹಳ್ಳಿಯ ಸ್ಮಶಾನದಲ್ಲಿ ಆನ್ ಪಕ್ಕದಲ್ಲಿ ಮಣ್ಣು ಮಾಡಲಾಯಿತು. 1979ರಲ್ಲಿ ಇವೊನ್ ಕೂಡ ಅಲ್ಲಿಗೇ ಸೇರಿದರು.

ಇವತ್ತು ಏನು ಮಾಡಬಹುದು?

ಒಳ್ಳೆಯ ಆರೋಗ್ಯ ಸೇವೆ ಇರುವ ದೇಶಗಳಲ್ಲಿ ಡೌನ್ ಸಿಂಡ್ರೋಮ್ ಇರುವವರು ಈಗ ಸರಾಸರಿ 60 ವರ್ಷದವರೆಗೆ ಬದುಕುತ್ತಾರೆ. ಹೆಚ್ಚುವರಿ ವರ್ಣತಂತುವನ್ನು ತೆಗೆಯುವ ಔಷಧಿ ಇಲ್ಲ. ಆದರೆ ಜೊತೆಗೆ ಬರುವ ತೊಂದರೆಗಳಿಗೆ ಚಿಕಿತ್ಸೆ ಇದೆ.

- ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ದೋಷ ಇರುತ್ತದೆ. ಹುಟ್ಟಿದ ಕೂಡಲೇ ಎಕೋ ಪರೀಕ್ಷೆ ಮಾಡಿಸಿ.
- ಥೈರಾಯ್ಡ್, ಕಿವಿ, ಕಣ್ಣು ಇವುಗಳ ಪರೀಕ್ಷೆ ಆಗಾಗ ಆಗಬೇಕು. ಲಸಿಕೆಗಳನ್ನು ತಪ್ಪಿಸಬೇಡಿ.
- ಸ್ನಾಯುಗಳು ಸಡಿಲವಾಗಿರುವುದರಿಂದ ಮಗು ಹಾಲು ಕುಡಿಯುವುದು, ಕೂರುವುದು, ನಡೆಯುವುದು ನಿಧಾನ. ಫಿಸಿಯೋಥೆರಪಿ ಮತ್ತು ಮಾತಿನ ತರಬೇತಿಯನ್ನು ಬೇಗ ಶುರುಮಾಡಿದಷ್ಟೂ ಒಳ್ಳೆಯದು.
- ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡೌನ್ ಸಿಂಡ್ರೋಮ್ ಕೂಡ ಸೇರಿದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.
- ಇನ್ನೊಂದು ಮಗು ಬೇಕೆನ್ನುವವರು ವರ್ಣತಂತು ಪರೀಕ್ಷೆಯ ವರದಿ ಇಟ್ಟುಕೊಂಡು ತಜ್ಞರ ಸಲಹೆ ಪಡೆಯಿರಿ. ಸಣ್ಣ ಪ್ರಮಾಣದಲ್ಲಿ ಮಾತ್ರ ಇದು ವಂಶದಲ್ಲಿ ಬರುತ್ತದೆ.

ದೇವರಿಗೆ ದೀಪ ಹಚ್ಚುವವರು ಹಚ್ಚಲಿ, ಅದರಿಂದ ಮನಸ್ಸಿಗೆ ಬಲ ಬರುವುದಾದರೆ ಒಳ್ಳೆಯದೇ. ಆದರೆ ಹರಕೆಗೆಂದು ಎಕೋ ಪರೀಕ್ಷೆಯನ್ನು ಮುಂದೂಡಬೇಡಿ, ತಾಯಿಯ ಮೇಲೆ ತಪ್ಪು ಹೊರಿಸಬೇಡಿ. ನಿಮ್ಮ ಬಳಗದಲ್ಲಿ ಇಂಥ ಮಗು ಹುಟ್ಟಿದ್ದರೆ ಗ್ರಹಣದ ಫಾರ್ವರ್ಡ್ ಬದಲು ಇದನ್ನು ಕಳಿಸಿ. ಆಮೇಲೆ ಒಂದು ದಿನ ಅವರ ಮನೆಗೆ ಹೋಗಿ, ಮಗುವನ್ನು ಎತ್ತಿಕೊಳ್ಳಿ.