ರಂಗವೇರಿದ ರಕ್ತಪಿಶಾಚಿ: ಬ್ರ್ಯಾಮ್ ಸ್ಟೋಕರನ ಜೀವನ

ಡ್ರಾಕುಲಾ ಎಂಬ ರಕ್ತಪಿಶಾಚಿಯ ಹೆಸರು ಕೇಳದವರು ವಿರಳ. ಅದನ್ನು ಸೃಷ್ಟಿಸಿದಾತನು ಬಾಳಿನ ಬಹುಭಾಗವನ್ನು ಒಂದು ನಾಟಕಶಾಲೆಯ ಲೆಕ್ಕಪತ್ರಗಳ ನಡುವೆ ಕಳೆದನೆಂಬುದನ್ನು ಬಲ್ಲವರು ಇನ್ನೂ ವಿರಳ.

ಬ್ರ್ಯಾಮ್ ಸ್ಟೋಕರನು 1847ರ ನವೆಂಬರ್ 8ರಂದು ಐರ್ಲೆಂಡಿನ ಡಬ್ಲಿನ್ ನಗರದ ಬಳಿ ಜನಿಸಿದನು. ಏಳು ವರ್ಷದವರೆಗೆ ಹಾಸಿಗೆ ಹಿಡಿದಿದ್ದ ಮಗು ಮುಂದೆ ಟ್ರಿನಿಟಿ ಕಾಲೇಜಿನಲ್ಲಿ ಹೆಸರಾಂತ ಆಟಗಾರನಾದುದು ಸೋಜಿಗವೇ ಸರಿ. ಸರಕಾರಿ ಗುಮಾಸ್ತಿಕೆಯ ಜೊತೆಗೆ ಅವನು ಪತ್ರಿಕೆಗೆ ನಾಟಕವಿಮರ್ಶೆ ಬರೆಯುತ್ತಿದ್ದನು. ಅದರಿಂದಲೇ ಮಹಾನಟ ಹೆನ್ರಿ ಇರ್ವಿಂಗನ ಸ್ನೇಹ ದೊರೆಯಿತು. 1878ರಲ್ಲಿ ಫ್ಲಾರೆನ್ಸಳ ಕೈಹಿಡಿದು, ನೌಕರಿ ತೊರೆದು, ಲಂಡನ್ನಿನ ಲೈಸಿಯಂ ನಾಟಕಶಾಲೆಯಲ್ಲಿ ಇರ್ವಿಂಗನ ವ್ಯವಸ್ಥಾಪಕನಾದನು.

ಕಾದಂಬರಿ ಪ್ರಕಟವಾದುದು 1897ರ ಮೇ 26ರಂದು. ಅದಕ್ಕೆ ಎಂಟು ದಿನ ಮೊದಲೇ ಲೈಸಿಯಂ ರಂಗದ ಮೇಲೆ ಅದರ ನಾಟಕರೂಪದ ವಾಚನ ನಡೆದುಹೋಗಿತ್ತು. ಒಮ್ಮೆಯಾದರೂ ಹೀಗೆ ಪ್ರಯೋಗವಾಗದಿದ್ದರೆ ನಾಟಕದ ಹಕ್ಕು ಪರರ ಪಾಲಾಗುವ ಭಯ ಅಂದಿನ ಲೇಖಕರಿಗಿತ್ತು. ಸ್ಟೋಕರನು ಅಚ್ಚಿನ ಕರಡುಹಾಳೆಗಳನ್ನೇ ಕತ್ತರಿಸಿ ಅಂಟಿಸಿ, ನಡುನಡುವೆ ಕೈಬರಹದಿಂದ ಬೆಸೆದು, ಒಂದು ಪೂರ್ವರಂಗ ಹಾಗೂ ಐದು ಅಂಕಗಳನ್ನು ಅವಸರದಲ್ಲಿ ಹೊಂದಿಸಿದ್ದನು. ಅದು ನಾಟಕವೆನಿಸುವುದಕ್ಕಿಂತ ಹೆಚ್ಚಾಗಿ ಕಾನೂನಿನ ಬೇಲಿ! ಮಂಡಳಿಯ ನಟರು ಓದಿದರು. ಪ್ರೇಕ್ಷಕರು ಇಲ್ಲವೆಂಬಷ್ಟು ಕಡಿಮೆ. ಕೌಂಟನ ಪಾತ್ರ ಇರ್ವಿಂಗನಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಆತನು ಅದನ್ನು ಎಂದೂ ಅಭಿನಯಿಸಲಿಲ್ಲ.

1905ರಲ್ಲಿ ಇರ್ವಿಂಗನೂ 1912ರ ಏಪ್ರಿಲ್ 20ರಂದು ಸ್ಟೋಕರನೂ ತೀರಿಕೊಂಡರು. ವಿಧವೆಗೆ ಉಳಿದ ಆಸ್ತಿ ಅಲ್ಪ. ಕಾದಂಬರಿಯ ಹಕ್ಕೇ ಆಸರೆ. 1922ರಲ್ಲಿ ಜರ್ಮನರು ಅಪ್ಪಣೆಯಿಲ್ಲದೆ ಅದೇ ಕಥೆಯನ್ನು ನೊಸ್ಫೆರಾಟು ಎಂಬ ಚಿತ್ರವಾಗಿಸಿದಾಗ ಆಕೆ ಬಿಡದೆ ವ್ಯಾಜ್ಯ ನಡೆಸಿದಳು. ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು 1925ರಲ್ಲಿ ನ್ಯಾಯಾಲಯ ಆಜ್ಞೆಯಿತ್ತಿತು. ಕೆಲವು ಪ್ರತಿಗಳು ಹೇಗೋ ಉಳಿದುವು.

ಆಕೆಯ ಒಪ್ಪಿಗೆ ಪಡೆದು ನಾಟಕ ಬರೆದವನು ಹ್ಯಾಮಿಲ್ಟನ್ ಡೀನ್ ಎಂಬ ಸಂಚಾರೀ ಮಂಡಳಿಯ ನಟ. ಊರೂರಿಗೆ ಹೊತ್ತೊಯ್ಯುವ ಮಂಡಳಿಗೆ ಕಾರ್ಪೇಥಿಯನ್ ಬೆಟ್ಟದ ಕೋಟೆಯನ್ನು ರಂಗಕ್ಕೆ ತರುವುದು ಸಾಧ್ಯವೆ? ಆತನು ಕೋಟೆ, ಕಡಲು, ಪ್ರಯಾಣಗಳನ್ನೆಲ್ಲ ತೆಗೆದುಹಾಕಿ ಕಥೆಯನ್ನು ಲಂಡನ್ನಿನ ಮನೆಯೊಳಗೆ ಕೂಡಿಸಿದನು. ಹಜಾರಕ್ಕೆ ಬರಮಾಡಿಕೊಳ್ಳಲು ಕೌಂಟನು ಸಭ್ಯಗೃಹಸ್ಥನಾಗಿ ಕಾಣಬೇಕಷ್ಟೆ. ಅದಕ್ಕೇ ಸಂಜೆಯ ಔತಣದ ಉಡುಪು, ನಿಲುವಂಗಿ. ಆ ನಿಲುವಂಗಿಯ ಎತ್ತರದ ಕಾಲರು ಬರಿಯ ಶೃಂಗಾರವಲ್ಲ. ನಟನು ಪ್ರೇಕ್ಷಕರಿಗೆ ಬೆನ್ನು ತಿರುಗಿಸಿದಾಗ ಅದು ಅವನ ತಲೆಯನ್ನು ಮರೆಮಾಡುತ್ತಿತ್ತು. ಅವನು ರಂಗದ ನೆಲಬಾಗಿಲಿನಿಂದ ಜಾರಿಕೊಂಡೊಡನೆ ಬರಿಯ ಬಟ್ಟೆ ಕುಸಿದುಬೀಳುತ್ತಿತ್ತು.

1924ರಲ್ಲಿ ಡರ್ಬಿಯಲ್ಲಿ ಮೊದಲ ಪ್ರದರ್ಶನ. 1927ರಲ್ಲಿ ಲಂಡನ್, ಅದೇ ವರ್ಷ ಜಾನ್ ಬಾಲ್ಡರ್‌ಸ್ಟನ್ನನ ತಿದ್ದುಪಡಿಯೊಡನೆ ನ್ಯೂಯಾರ್ಕ್. ಅಲ್ಲಿ ಪಾತ್ರ ವಹಿಸಿದ ಬೆಲಾ ಲುಗೋಸಿಯೇ 1931ರ ಚಲಚ್ಚಿತ್ರದಲ್ಲೂ ಕೌಂಟನಾದನು. ಫ್ಲಾರೆನ್ಸಳು ಅದನ್ನೆಲ್ಲ ಕಾಣುವವರೆಗೆ ಬದುಕಿದ್ದು, 1937ರಲ್ಲಿ ಕಣ್ಮುಚ್ಚಿದಳು. ಸ್ಟೋಕರನ ಕಾದಂಬರಿಯಲ್ಲಿ ಆ ಎತ್ತರದ ಕಾಲರಿನ ಸುಳಿವೇ ಇಲ್ಲ.