ಸ್ಕೌಟ್ಸ್ ಕಟ್ಟಿದ ಬೇಡನ್ ಪೊವೆಲ್

ಬೇಡನ್ ಪೊವೆಲ್ ಅವರು 1857ನೇ ಇಸವಿ ಫೆಬ್ರವರಿ 22ರಂದು ಲಂಡನ್ನಿನಲ್ಲಿ ಜನಿಸಿದರು. ಮೂರು ವರ್ಷದವರಿದ್ದಾಗಲೇ ತಂದೆ ತೀರಿಹೋದರು. ತಾಯಿ ಹೆನ್ರಿಯೆಟ್ಟಾ ಒಬ್ಬರೇ ಮಕ್ಕಳನ್ನೆಲ್ಲ ಸಾಕಿದರು. ರಜಾ ಬಂದರೆ ಅಣ್ಣಂದಿರ ಜೊತೆ ದೋಣಿಯಲ್ಲಿ ಸುತ್ತಾಟ. ಶಾಲೆ ಹತ್ತಿರ ಕಾಡಿತ್ತು. ಅಲ್ಲಿ ಮೇಷ್ಟ್ರ ಕಣ್ಣಿಗೆ ಬೀಳದ ಹಾಗೆ ಮೊಲ ಹಿಡಿದು, ಹೊಗೆ ಏಳದಂತೆ ಬೆಂಕಿ ಮಾಡಿ ಬೇಯಿಸಿ ತಿನ್ನುತ್ತಿದ್ದರಂತೆ! (ನೀವು ಹೀಗೆ ಮಾಡಬೇಡಿ, ನಮ್ಮ ಮೇಷ್ಟ್ರು ಬಿಡಲ್ಲ.)

ದೊಡ್ಡವರಾಗಿ ಸೈನ್ಯ ಸೇರಿದರು, ನಮ್ಮ ದೇಶದಲ್ಲೂ ಇದ್ದರು. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಸೇರಿಸಿ ಮೊದಲ ಕ್ಯಾಂಪ್ ಮಾಡಿದರು. ಸಾಹುಕಾರರ ಮಕ್ಕಳೂ ಕೆಲಸಗಾರರ ಮಕ್ಕಳೂ ಒಟ್ಟಿಗೆ ಇದ್ದರು. ಇವರ ಅಣ್ಣನ ಮಗ ಡೊನಾಲ್ಡ್ ಕೂಡ ಬಂದಿದ್ದ. ಅವನಿಗೆ 9 ವರ್ಷ. ಅವನಿಗೂ ಅಪ್ಪ ಇರಲಿಲ್ಲ.

ಹುಡುಗಿಯರನ್ನು ಮಾತ್ರ ಕರೆದಿರಲಿಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟ್‌ಗಳೆಲ್ಲ ಸೇರಿದಾಗ ಕೆಲವು ಹುಡುಗಿಯರು ತಾವೇ ಸ್ಕೌಟ್ ಟೋಪಿ ಹಾಕಿಕೊಂಡು ಬಂದು ನಿಂತರು! ನಮ್ಮ ಮನೆಯಲ್ಲಿ ಅಣ್ಣನನ್ನು ಕ್ಯಾಂಪಿಗೆ ಕಳಿಸಿ ನನಗೆ ಬೇಡ ಅಂದಿದ್ದರು. ಅದಕ್ಕೆ ನನಗೆ ಈ ಸಂಗತಿ ತುಂಬಾ ಇಷ್ಟ. ಮುಂದಿನ ವರ್ಷವೇ ಗೈಡ್ಸ್ ಶುರುವಾಯಿತು. ಇವರ ತಂಗಿ ಆಗ್ನೆಸ್ ಅದನ್ನು ನಡೆಸಿದರು.

1912ರಲ್ಲಿ ಓಲೇವ್ ಅವರನ್ನು ಮದುವೆಯಾದರು. ಅವರ ಹುಟ್ಟುಹಬ್ಬವೂ ಫೆಬ್ರವರಿ 22! ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. 1930ರಲ್ಲಿ ಓಲೇವ್ ಇಡೀ ಜಗತ್ತಿನ ಗೈಡ್‌ಗಳಿಗೆ ಮುಖ್ಯಸ್ಥೆ ಆದರು.

ಬೇಡನ್ ಪೊವೆಲ್ 1941ರ ಜನವರಿ 8ರಂದು ಆಫ್ರಿಕಾದ ಕೀನ್ಯಾ ದೇಶದಲ್ಲಿ ತೀರಿಕೊಂಡರು. ಸಮಾಧಿ ಕಲ್ಲಿನ ಮೇಲೆ ಒಂದು ಸೊನ್ನೆ, ಅದರ ಮಧ್ಯೆ ಚುಕ್ಕೆ ಇದೆ. ಸ್ಕೌಟ್ ಗುರುತಿನಲ್ಲಿ ಅದಕ್ಕೆ ಮನೆಗೆ ಹೋಗಿದ್ದೇನೆ ಎಂದು ಅರ್ಥ. 1977ರಲ್ಲಿ ತೀರಿಕೊಂಡ ಓಲೇವ್ ಅವರ ಚಿತಾಭಸ್ಮವನ್ನೂ ಅಲ್ಲೇ ಇಟ್ಟಿದ್ದಾರೆ.